ಕೊಟ್ಟಿಗೆ ತೊಳೆದ ನೀರು, ಕರೆಂಟು ಮತ್ತು ಕಾಯಕ

(ಸಾಣಾಪುರದಲ್ಲಿ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಮೊನ್ನೆ ಪಂಚಮಿಯ ದಿನ ಇದೇ ಅಂಗಳದಲ್ಲಿ ಮಕ್ಕಳಿಗೆ ಹಾಲು ಕುಡಿಸಿದೆವು. ಹುತ್ತಕ್ಕೆ ಎರೆದು ಮಣ್ಣುಪಾಲು ಮಾಡುತ್ತಿದ್ದ ಹಾಲನ್ನು ಮಕ್ಕಳ ಬಾಯಿಗೆ ತಂದದ್ದು ನಮ್ಮ ಚಳವಳಿಯ ಒಳ್ಳೆಯ ಕೆಲಸಗಳಲ್ಲಿ ಒಂದು. ಆ ದಿನ ಲೋಟ ತೊಳೆಯುತ್ತಿದ್ದಾಗ ನಮ್ಮೂರ ಹುಡುಗನೊಬ್ಬ ಬಂದು ಫೋನು ತೋರಿಸಿದ. ‘ದೊಡ್ಡಪ್ಪಾ, ಇದನ್ನ ನೋಡ್ರಿ. ದನದ ಕೊಟ್ಟಿಗಿ ತೊಳೆದ ನೀರಿನ್ಯಾಗ ಕರೆಂಟ್ ಮಾಡ್ತಾರಂತ. ನೀರೂ ಸ್ವಚ್ಛ ಆಕ್ಕೈತಿ, ಲೈಟೂ ಹತ್ತತಾವ. ದಾಸೋಹದ ಕೊಟ್ಟಿಗಿಗೆ ಇದನ್ನ ಮಾಡಿಸೂಣು, ಭಕ್ತರ ಹತ್ರ ಪಟ್ಟಿ ಎತ್ತೂಣು’ ಅಂದ. ಹುಡುಗ ಬುದ್ಧಿವಂತ. ವಿಡಿಯೋದಲ್ಲಿದ್ದದ್ದೂ ಸುಳ್ಳಲ್ಲ. ಆದರೆ ಪಟ್ಟಿ ಎತ್ತುವ ಮಾತು ಬಂದ ಕೂಡಲೇ ನನಗೆ ದಿಗಿಲಾಯಿತು. ಭಕ್ತರ ಹಣ ದಾಸೋಹದ ಹಣ. ಅದನ್ನು ಯಾವುದಕ್ಕೆ ಹಾಕುತ್ತೇವೆ ಎಂಬ ಲೆಕ್ಕ ಗೊತ್ತಿಲ್ಲದೆ ಕೈ ಒಡ್ಡಬಾರದು. ‘ಹದಿನೈದು ದಿನ ತಡಿ, ಲೆಕ್ಕ ಹಾಕಿ ಎಲ್ಲರ ಮುಂದ ಹೇಳತೀನಿ’ ಅಂದೆ. ಆ ಲೆಕ್ಕ ಒಪ್ಪಿಸಲು ಇವತ್ತು ನಿಂತಿದ್ದೇನೆ.

ಮೊದಲೇ ಒಂದು ಮಾತು. ಗಂಜಲ ಪವಿತ್ರವೋ ಅಲ್ಲವೋ ಎಂಬ ಜಗಳಕ್ಕೆ ನಾನು ಬಂದಿಲ್ಲ. ಅದು ಬಾವಿಗೆ ಇಳಿದರೆ ಏನಾಗುತ್ತದೆ, ಗದ್ದೆಗೆ ಹೋದರೆ ಏನಾಗುತ್ತದೆ ಎಂಬುದಷ್ಟೇ ನನಗೆ ಬೇಕಾದದ್ದು.

ಇದೋ ಇಲ್ಲಿ ಮೇಜಿನ ಮೇಲಿರುವ ಬಕೆಟ್ ನೋಡಿ. ಹದಿನೈದು ದಿನ ನಮ್ಮ ಮನೆಯ ಹಿತ್ತಲಲ್ಲಿ ಇಟ್ಟಿದ್ದು, ನಮ್ಮ ಮನೆಯವರ ಬೈಗುಳ ತಿಂದು ಬಂದಿದೆ. ತಳದಲ್ಲಿ ಭತ್ತದ ಗದ್ದೆಯ ಕೆಸರು. ಅದರೊಳಗೆ ಹಳೆಯ ಟಾರ್ಚಿನ ಸೆಲ್ಲುಗಳಿಂದ ತೆಗೆದು ತೊಳೆದ ಕಪ್ಪು ಕಡ್ಡಿಗಳನ್ನು ಇದ್ದಿಲ ಪುಡಿಯ ಜೊತೆ ಬಟ್ಟೆಯಲ್ಲಿ ಕಟ್ಟಿ ಹೂತಿದ್ದೇನೆ. ಮೇಲೆ ಕೊಟ್ಟಿಗೆ ತೊಳೆದ ನೀರು. ಇಂಥದ್ದೇ ಇನ್ನೊಂದು ಗಂಟು ಅರ್ಧ ನೀರಿನಲ್ಲಿ ಅರ್ಧ ಗಾಳಿಯಲ್ಲಿ ತೇಲುತ್ತಿದೆ. ಎರಡಕ್ಕೂ ಒಂದೊಂದು ತಂತಿ. ಇಷ್ಟೇ. ಇದರ ಹೆಸರು ಸೂಕ್ಷ್ಮಜೀವಿ ಇಂಧನ ಕೋಶ. ಹೆಸರು ದೊಡ್ಡದು, ಒಳಗಿರುವುದು ನಮ್ಮ ಕೆಸರೇ.

ಒಳಗೆ ನಡೆಯುವುದೇನು? ನಾವು ಊಟ ಮಾಡಿ ಉಸಿರಾಡುತ್ತೇವೆ. ಊಟದಲ್ಲಿರುವ ಎಲೆಕ್ಟ್ರಾನುಗಳನ್ನು ನಮ್ಮ ದೇಹ ಕಿತ್ತು, ಅದರಲ್ಲಿ ಬಂದ ಶಕ್ತಿಯಿಂದ ಬದುಕಿ, ಕೊನೆಗೆ ಆ ಎಲೆಕ್ಟ್ರಾನುಗಳನ್ನು ಉಸಿರಿನಲ್ಲಿ ಬಂದ ಆಮ್ಲಜನಕಕ್ಕೆ ಒಪ್ಪಿಸುತ್ತದೆ. ಕೆಸರಿನ ತಳದಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಕೆಲವು ಸೂಕ್ಷ್ಮಜೀವಿಗಳು ಎಲೆಕ್ಟ್ರಾನುಗಳನ್ನು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿಗೆ ಒಪ್ಪಿಸಿ ಬದುಕುತ್ತವೆ. ಇಂಥ ಒಂದು ಜೀವಿಯನ್ನು 1987ರಲ್ಲಿ ಅಮೆರಿಕದ ಪೊಟೋಮ್ಯಾಕ್ ನದಿಯ ಕೆಸರಿನಲ್ಲಿ ಡೆರೆಕ್ ಲವ್ಲಿ ಎಂಬ ವಿಜ್ಞಾನಿ ಗುರುತಿಸಿದರು. ಅದರ ಬಳಗಕ್ಕೆ ಜಿಯೋಬ್ಯಾಕ್ಟರ್ ಎಂದು ಹೆಸರು. ತುಕ್ಕಿನ ಬದಲು ನಾವು ಇದ್ದಿಲ ಕಡ್ಡಿ ಇಟ್ಟರೆ ಆ ಜೀವಿಗಳು ಅದಕ್ಕೇ ಒಪ್ಪಿಸುತ್ತವೆ. ಅಲ್ಲಿಂದ ತಂತಿ, ತಂತಿಯಿಂದ ಮೇಲಿನ ಗಂಟು, ಅಲ್ಲಿ ಗಾಳಿಯ ಆಮ್ಲಜನಕ. ತಂತಿಯಲ್ಲಿ ಹರಿದದ್ದೇ ಕರೆಂಟು. ಜೀವಿಗಳು ತಿಂದದ್ದು ನೀರಿನಲ್ಲಿದ್ದ ಕೊಳೆ. ಆದ್ದರಿಂದ ನೀರಿನ ಕೊಳೆ ಕಡಿಮೆಯಾಯಿತು. ಹುಡುಗ ಹೇಳಿದ್ದು ಇಷ್ಟು ಮಟ್ಟಿಗೆ ಪೂರಾ ಸತ್ಯ.

ಇದು ಹೊಸ ಸಂಗತಿಯೂ ಅಲ್ಲ. 1911ರಲ್ಲೇ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಪಾಟರ್ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಸೂಕ್ಷ್ಮಜೀವಿಗಳಿಂದ ಕರೆಂಟು ಬರುತ್ತದೆಂದು ತೋರಿಸಿದ್ದರು. 2008ರಲ್ಲಿ ಜಪಾನಿನವರು ನಮ್ಮ ಗಂಗಾವತಿ ಸೀಮೆಯಲ್ಲಿರುವಂಥ ನೀರು ನಿಂತ ಭತ್ತದ ಗದ್ದೆಯಲ್ಲೇ ಕಡ್ಡಿ ಹೂತು ಕರೆಂಟು ಅಳೆದರು. ನಮ್ಮ ದೇಶದಲ್ಲೂ ಖರಗ್‌ಪುರದ ಐಐಟಿಯಲ್ಲಿ ಘಾಂಗ್ರೇಕರ್ ಅವರು ಶೌಚಾಲಯಕ್ಕೆ ಇದನ್ನು ಜೋಡಿಸಿದ್ದಾರೆ. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ವೆಂಕಟ ಮೋಹನ್ ಅವರು ವರ್ಷಗಟ್ಟಲೆ ಕೊಳೆನೀರಿನ ಮೇಲೆ ಕೆಲಸ ಮಾಡಿದ್ದಾರೆ. 2015ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಎಂಬಲ್ಲಿ ನಡೆದ ದೊಡ್ಡ ಜಾತ್ರೆಯಂಥ ಸಂಗೀತೋತ್ಸವದಲ್ಲಿ ಜನರ ಮೂತ್ರದಿಂದಲೇ ಮೂತ್ರಾಲಯದ ದೀಪ ಉರಿಸಿದರು. ವಿಡಿಯೋದಲ್ಲಿ ಬರುವುದು ಬಹುಪಾಲು ಇಂಥವೇ.

ಈಗ ಲೆಕ್ಕಕ್ಕೆ ಬರೋಣ.

ನನ್ನ ಬಕೆಟ್ಟಿನಲ್ಲಿ ಎಂಟನೇ ದಿನಕ್ಕೆ ಮೀಟರು 0.45 ವೋಲ್ಟ್ ತೋರಿಸಿತು. ಮೊಮ್ಮಗಳು ಕುಣಿದಾಡಿದಳು. ಆದರೆ ಏನೂ ಕೆಲಸ ಕೊಡದೆ ಅಳೆದ ವೋಲ್ಟು ಅದು, ಭಾರ ಹೊರಿಸದ ಎತ್ತಿನ ಹಾಗೆ. 1000 ಓಮ್‌ನ ಒಂದು ರೆಸಿಸ್ಟರ್ ಜೋಡಿಸಿ ಭಾರ ಹೊರಿಸಿದ ಕೂಡಲೇ 0.12 ವೋಲ್ಟಿಗೆ ಕುಸಿಯಿತು. ಅಂದರೆ ಸಿಕ್ಕಿದ್ದು ಒಂದು ಮಿಲಿವ್ಯಾಟಿನ ಎಪ್ಪತ್ತರಲ್ಲಿ ಒಂದು ಪಾಲು. ಮನೆಯಲ್ಲಿ ಹಾಕುವ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಹೊತ್ತಬೇಕಾದರೆ ಇಂಥ ಆರು ಲಕ್ಷ ಬಕೆಟ್ ಬೇಕು. ಇಡೀ ತಾಲೂಕಿನ ಬಚ್ಚಲು ಹುಡುಕಿದರೂ ಸಾಲದು. (ಸಭೆಯಲ್ಲಿ ನಗು)

ನಗಬೇಡಿ, ನನ್ನದು ಹಿತ್ತಲ ಪ್ರಯೋಗ. ಬಲ್ಲವರು ಮಾಡಿದ್ದನ್ನು ನೋಡೋಣ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಲೋಗನ್ ಅವರ ತಂಡ ಹಂದಿ ಸಾಕಣೆಯ ಕೊಳೆನೀರಿನ ಮೇಲೆ ಇದನ್ನು ಅಚ್ಚುಕಟ್ಟಾಗಿ ಅಳೆಯಿತು. ಸಾಕುಪ್ರಾಣಿಗಳ ಕೊಳೆನೀರಿಗೆ ಸಂಬಂಧಿಸಿ ಹೆಚ್ಚಾಗಿ ಉದ್ಧರಿಸುವ ಪ್ರಯೋಗ ಅದು. ಅವರಿಗೆ ಎಲೆಕ್ಟ್ರೋಡಿನ ಒಂದು ಚದರ ಮೀಟರಿಗೆ ಹೆಚ್ಚೆಂದರೆ 261 ಮಿಲಿವ್ಯಾಟ್ ಲೆಕ್ಕದಲ್ಲಿ ಸಿಕ್ಕಿತು. ಒಂದು ಚದರ ಮೀಟರ್ ಅಂದರೆ ಸುಮಾರು ಒಂದು ಚಿಕ್ಕ ಊಟದ ಮೇಜು. ಅಷ್ಟು ಅಗಲದ್ದು ಮೂರು ದಿನ ಹಗಲೂ ರಾತ್ರಿ ದುಡಿದರೆ ಈ ಹುಡುಗನ ಫೋನು ಒಮ್ಮೆ ತುಂಬುತ್ತದೆ. ಒಂದು ಯೂನಿಟ್ ಕರೆಂಟಿಗೆ 160 ದಿನ ಬೇಕು. 9 ವ್ಯಾಟಿನ ಬಲ್ಬು ಸದಾ ಉರಿಯಲು ಹತ್ತೊಂಬತ್ತು ಅಡಿ ಉದ್ದ, ಹತ್ತೊಂಬತ್ತು ಅಡಿ ಅಗಲದ ಎಲೆಕ್ಟ್ರೋಡ್ ಬೇಕು. ಆಮೇಲಿನ ವರ್ಷಗಳಲ್ಲಿ ಪ್ರಯೋಗಾಲಯದ ಪುಟ್ಟ ಕೋಶಗಳಲ್ಲಿ ಇದರ ಹತ್ತು ಪಟ್ಟು ಮೀರಿ ಪಡೆದವರೂ ಇದ್ದಾರೆ. ಆದರೆ ಅಂಗೈಯಷ್ಟರ ಕೋಶವನ್ನು ತೊಟ್ಟಿಯಷ್ಟು ದೊಡ್ಡದು ಮಾಡಿದಾಗ ಫಲ ಇಳಿಯುತ್ತದೆ. ಒಂದರ ಹಿಂದೊಂದು ಜೋಡಿಸಿದರೆ ಅದರಲ್ಲಿ ದುರ್ಬಲವಾದ ಕೋಶ ತಿರುಗಿಬಿದ್ದು ಉಳಿದವುಗಳ ದುಡಿಮೆಯನ್ನು ತಿನ್ನುತ್ತದೆ. ಕೂಡು ಕುಟುಂಬದಲ್ಲಿ ನೋಡಿರುತ್ತೀರಿ.

ಹಾಗಾದರೆ ಶಕ್ತಿಯೆಲ್ಲ ಎಲ್ಲಿ ಹೋಯಿತು? ಅದೇ ಪ್ರಯೋಗದಲ್ಲಿ, ಕೊಳೆಯಿಂದ ಬರಬಹುದಾಗಿದ್ದ ನೂರು ಎಲೆಕ್ಟ್ರಾನುಗಳಲ್ಲಿ ತಂತಿಯ ಮೂಲಕ ಬಂದದ್ದು ಎಂಟು. ಉಳಿದ ತೊಂಬತ್ತೆರಡನ್ನು ಬೇರೆ ಜೀವಿಗಳು ಬೇರೆ ದಾರಿಯಲ್ಲಿ ಖರ್ಚು ಮಾಡಿದವು. ಕೆಸರಿನಲ್ಲಿ ನಮ್ಮ ಜಿಯೋಬ್ಯಾಕ್ಟರ್ ಒಂದೇ ಇಲ್ಲವಲ್ಲ, ಸಾವಿರ ಜಾತಿಯ ಸಂತೆ ಇದೆ.

ನೀರಿನ ವಿಷಯದಲ್ಲಿ ಫಲ ಚೆನ್ನಾಗಿತ್ತು. ನೀರಿನಲ್ಲಿದ್ದ ಅಮೋನಿಯಾ ಲೀಟರಿಗೆ 198 ಮಿಲಿಗ್ರಾಮಿನಿಂದ 34ಕ್ಕೆ ಇಳಿಯಿತು. ಇದನ್ನು ಓದಿ ನಾನೂ ಬೆರಗಾದೆ. ಆದರೆ ಮೂರು ವರ್ಷದ ನಂತರ ಅದೇ ಲೋಗನ್ ಅವರ ಬಳಗದವರು ಅಮೋನಿಯಾ ಹೋದದ್ದೆಲ್ಲಿಗೆ ಎಂದು ಹುಡುಕಿದಾಗ ಬಹುಪಾಲು ಗಾಳಿಗೆ ಹಾರಿಹೋಗಿದ್ದು ತಿಳಿಯಿತು. ತಾವೇ ಹೇಳಿದ್ದನ್ನು ತಾವೇ ಮತ್ತೆ ತೂಗಿ ನೋಡಿ, ಬಂದದ್ದನ್ನು ಬಚ್ಚಿಡದೆ ಬರೆದರು. ವಿಜ್ಞಾನದಲ್ಲಿ ನನಗೆ ಹಿಡಿಸುವುದು ಇದು. ಈಗ ಯೋಚಿಸಿ. ಅಮೋನಿಯಾ ಅಂದರೆ ಸಾರಜನಕ. ಸಾರಜನಕ ಅಂದರೆ ನೀವು 45 ಕಿಲೋ ಚೀಲದಲ್ಲಿ ಸೊಸೈಟಿಯ ಮುಂದೆ ಸಾಲು ನಿಂತು ತರುವ ಯೂರಿಯಾದ ಜೀವಾಳ. ಕಾಲುವೆ ನೀರಿನ ಭತ್ತದ ನಾಡಿನಲ್ಲಿ ಅದನ್ನು ಗಾಳಿಗೆ ಹಾರಲು ಬಿಟ್ಟು, ಮತ್ತೆ ದುಡ್ಡು ಕೊಟ್ಟು ಚೀಲ ತರುವುದು ಯಾವ ಜಾಣತನ?

ಹಾಗಂತ ಕೊಟ್ಟಿಗೆ ನೀರನ್ನು ಇದ್ದ ಹಾಗೆ ಬಿಡಬಹುದೇ? ಬಿಡಬಾರದು. ನನ್ನ ನಿಜವಾದ ಆತಂಕ ಇಲ್ಲೇ ಇದೆ. ದೀಪದ ಆಸೆಯಲ್ಲಿ ನೀರಿನ ವಿಷಯ ಮರೆತುಹೋಗುತ್ತದೆ. ಕೊಟ್ಟಿಗೆ ತೊಳೆದ ನೀರು ಗಟಾರಕ್ಕೆ, ಗಟಾರದಿಂದ ತಗ್ಗಿಗೆ, ತಗ್ಗಿನಿಂದ ನೆಲದೊಳಗೆ ಇಳಿಯುತ್ತದೆ. ನಮ್ಮದು ಬಂಡೆಯ ಸೀಮೆ. ಬಂಡೆಯ ಬಿರುಕಿನಲ್ಲಿ ಇಳಿದ ನೀರಿಗೆ ಮಣ್ಣಿನ ಸೋಸುವಿಕೆ ಸಿಗುವುದಿಲ್ಲ. ಗಂಜಲದ ಸಾರಜನಕ ನೆಲದೊಳಗೆ ನೈಟ್ರೇಟ್ ಆಗಿ ಬೋರಿನ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂಬುದು ನಮ್ಮ ದೇಶದ ಮಾನದಂಡ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆರಿ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಲುಪುಡಿ ಕಲಸಿ ಕುಡಿಸುವ ಎಳೆ ಕೂಸುಗಳಿಗೆ ಇದು ದೊಡ್ಡ ಅಪಾಯ. ರಕ್ತ ಆಮ್ಲಜನಕ ಹೊರಲಾಗದೆ ಕೂಸು ನೀಲಿಗಟ್ಟುತ್ತದೆ. ಪಂಚಮಿಗೆ ಮಕ್ಕಳಿಗೆ ಹಾಲು ಕುಡಿಸಿದ ನಾವು, ಹಾಲು ಕೊಟ್ಟ ದನದ ಕೊಟ್ಟಿಗೆಯ ನೀರು ಅದೇ ಮಕ್ಕಳ ಕೊಡಕ್ಕೆ ಸೇರದಂತೆ ನೋಡಿಕೊಳ್ಳಬೇಕಲ್ಲವೇ? ಇಂಧನ ಕೋಶದಿಂದ ಹೊರಬಂದ ನೀರು ಸ್ವಚ್ಛವಾಗಿ ಕಂಡರೂ ಅದರಲ್ಲಿ ರೋಗಾಣು ಇರುತ್ತದೆ, ಕುಡಿಯುವ ನೀರಲ್ಲ. ವಿಡಿಯೋದಲ್ಲಿ ಲೋಟ ಎತ್ತಿ ತೋರಿಸಿದ್ದನ್ನು ನಂಬಬೇಡಿ.

ಇನ್ನು ನಮ್ಮದೇ ರಾಜ್ಯದ ಒಂದು ಊರಿನ ಕಥೆ ಹೇಳುತ್ತೇನೆ. ತುಮಕೂರು ಜಿಲ್ಲೆ, ಕುಣಿಗಲ್ ತಾಲೂಕು, ಪುರ ಎಂಬ ಸಣ್ಣ ಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಅಮೂಲ್ಯ ರೆಡ್ಡಿ. ಈ ರೆಡ್ಡಿಯವರು ಯಾರು ಅಂದರೆ, ಎಲೆಕ್ಟ್ರೋಡು ಮತ್ತು ದ್ರಾವಣಗಳ ಶಾಸ್ತ್ರದಲ್ಲಿ ಜಗತ್ತಿಗೇ ಗೊತ್ತಿದ್ದವರು. ಬಾಕ್ರಿಸ್ ಅವರ ಜೊತೆ ಅವರು ಬರೆದ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’ 1970ರಲ್ಲಿ ಬಂತು. ಆ ವಿದ್ಯೆಯಲ್ಲಿ ಕೈ ಆಡಿಸುವವರು ಇವತ್ತಿಗೂ ಅದನ್ನು ತೆರೆಯುತ್ತಾರೆ. ಎಲೆಕ್ಟ್ರೋಡನ್ನು ಅಷ್ಟು ಬಲ್ಲ ಮನುಷ್ಯ ಹಳ್ಳಿಗೆ ಹೋದಾಗ ಹಿಡಿದದ್ದು ಗೋಬರ್ ಗ್ಯಾಸನ್ನು.

ಮೊದಲು ಅವರೂ ಎಡವಿದರು. ಊರಿನ ಎಲ್ಲ ಮನೆಗೂ ಅಡುಗೆಗೆ ಗ್ಯಾಸ್ ಕೊಡುತ್ತೇವೆಂದು ಹೊರಟರು. ಊರಿನ ದನದ ಸೆಗಣಿ ಎಲ್ಲರ ಅಡುಗೆಗೆ ಸಾಕಾಗಲಿಲ್ಲ. ಜನರಿಗೂ ಅದರಲ್ಲಿ ಹುರುಪಿರಲಿಲ್ಲ. ಕಟ್ಟಿಗೆಯನ್ನು ಹೆಂಗಸರು, ಮಕ್ಕಳು ದುಡ್ಡಿಲ್ಲದೆ ಆರಿಸಿ ತರುತ್ತಿದ್ದರು. ಅವರ ಬೆನ್ನು ನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಗ ವಿಜ್ಞಾನಿಗಳು, ನಿಮಗೆ ಬೇಕಾದದ್ದೇನು ಎಂದು ಕೇಳಿದರು. ಜನ ಹೇಳಿದ್ದು, ಕುಡಿಯುವ ನೀರು. ಆ ಮೇಲೆ ಯೋಜನೆಯೇ ತಿರುಗಿತು. ಸೆಗಣಿಯ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಒಂದು ಸಣ್ಣ ಇಂಜಿನ್ ಓಡಿಸಿ, ಅದರಿಂದ ಕರೆಂಟು ಮಾಡಿ, ಕೊಳವೆಬಾವಿಯ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿ ನಲ್ಲಿಗೆ ಬಿಟ್ಟರು. ಮನೆಗಳಿಗೆ ದೀಪ ಕೊಟ್ಟರು. 1987ರಿಂದ ಇದು ನಡೆಯಿತು.

ಯಂತ್ರಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಅಲ್ಲಿನ ಕಟ್ಟುಪಾಡು. ಯಾರ ಮನೆಯಿಂದ ಎಷ್ಟು ಸೆಗಣಿ ಬಂತೋ ತೂಕ ಹಾಕಿ ಬರೆದುಕೊಳ್ಳುತ್ತಿದ್ದರು. ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರವನ್ನು ಅದೇ ಲೆಕ್ಕದಲ್ಲಿ ಆ ಮನೆಗೆ ಹಿಂದಿರುಗಿಸುತ್ತಿದ್ದರು. ಹೊತ್ತು ತಂದವರಿಗೆ ಕಿಲೋ ಲೆಕ್ಕದಲ್ಲಿ ಕೆಲವು ಪೈಸೆ ಕೈಗೆ ಕೊಡುತ್ತಿದ್ದರು. ಪೈಸೆಯೇ ಆಗಲಿ, ಸೆಗಣಿ ಹೊತ್ತ ತಾಯಿಯ ಕೈಗೆ ಸೇರುತ್ತಿತ್ತು. ಸ್ಥಾವರ ನಡೆಸುತ್ತಿದ್ದವರು ಊರಿನ ಹುಡುಗರೇ. ಕೊನೆಗೆ ಅದೂ ನಿಂತುಹೋಯಿತು. ನಿಂತದ್ದನ್ನೂ ಮುಚ್ಚಿಡದೆ ಆ ಅನುಭವದ ಪಾಠಗಳನ್ನು ರೆಡ್ಡಿಯವರು 2004ರಲ್ಲಿ ಬರೆದಿಟ್ಟರು, ಇನ್ನೆರಡು ವರ್ಷಕ್ಕೆ ತೀರಿಕೊಂಡರು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಈ ಸಭೆಗೆ ಬರುವ ಮುಂಚೆ ಹೇಳಲೋ ಬೇಡವೋ ಎಂದು ಎರಡು ರಾತ್ರಿ ಯೋಚಿಸಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಇಲಾಖೆಯ ಹೆಸರು ಬೇಡ, ಊರಿನ ಹೆಸರೂ ಬೇಡ. ಒಂದು ಊರಿಗೆ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಮಂಜೂರಾಗಿತ್ತು. ಮಾರ್ಚ್ ಮೂವತ್ತೊಂದರೊಳಗೆ ಮುಗಿಯಬೇಕು. ಮುಗಿಯಿತು. ಉದ್ಘಾಟನೆಗೆಂದು ಬೇರೆ ಊರಿನಿಂದ ಟ್ರ್ಯಾಕ್ಟರಿನಲ್ಲಿ ಸೆಗಣಿ ತರಿಸಿ ತುಂಬಿದೆವು. ಒಲೆ ಹೊತ್ತಿತು, ನೀಲಿ ಉರಿ ಬಂತು, ಫೋಟೋ ಆಯಿತು. ಸ್ಥಾವರ ಚಾಲನೆಯಲ್ಲಿದೆ ಎಂದು ನಾನು ಸಹಿ ಹಾಕಿದೆ. ಮೂರು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದರೆ ತೊಟ್ಟಿಯ ನೆರಳಲ್ಲಿ ಆಡು ಮಲಗಿದ್ದವು. ಅಲ್ಲೇ ಕುಳಿತಿದ್ದ ಮುದುಕಿಯನ್ನು, ‘ಯಾಕವ್ವಾ ನಿಂತೈತಿ?’ ಅಂತ ಕೇಳಿದೆ. ಆಕೆ, ‘ಸಾಹೇಬ್ರ, ಊರ ಮಂದಿ ಎಲ್ಲಾರ ಮನಿ ಸೆಗಣಿ ನಮ್ಮ ಕೇರ್ಯಾಗಿನ ಹೆಣಮಕ್ಕಳು ಹೊರಬೇಕು ಅಂದ್ರು. ಕೂಲಿ ಕೇಳಿದ್ರ, ನೀವು ಹಿಂದಿಂದ ಮಾಡಿಕೊಂಡ ಬಂದೋರು, ಇದಕ್ಕೆಂಥಾ ಕೂಲಿ ಅಂದ್ರು. ನಾವು ಬಿಟ್ಟಿವಿ. ಸಹಿ ಹಾಕೋವಾಗ ನೀವರ ಕೇಳಬೇಕಿತ್ತಲ್ರೀ, ಹೊರೋರು ಯಾರು ಅಂತ’ ಅಂದಳು.

ನನ್ನ ಕೊರಳಲ್ಲಿ ಇಷ್ಟಲಿಂಗ ಇತ್ತು. ಮನೆಯಲ್ಲಿ ದಿನಾ ವಚನ ಓದುತ್ತಿದ್ದೆ. ಆದರೂ ಕೊಳವೆಯ ಅಳತೆ, ಸಿಮೆಂಟಿನ ಲೆಕ್ಕ, ಇಟ್ಟಿಗೆಯ ಲೆಕ್ಕ ಎಲ್ಲ ನೋಡಿದವನಿಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ. ನನ್ನ ಸಹಿಯ ಕಾಗದದಲ್ಲಿ ಆ ಸ್ಥಾವರ ಎಷ್ಟು ವರ್ಷ ‘ಚಾಲನೆಯಲ್ಲಿ’ ಇತ್ತೋ ದೇವರೇ ಬಲ್ಲ. ಆಮೇಲೆ ನಾನೇನೂ ಮೇಲಿನವರಿಗೆ ಬರೆಯಲಿಲ್ಲ. ಬರೆಯಬೇಕಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಕಲ್ಯಾಣದಲ್ಲಿ ಕಸ ಗುಡಿಸುವ ಕಾಯಕದ ಸತ್ಯಕ್ಕನಿಗೂ ಮಂತ್ರಿಯಾಗಿದ್ದ ಬಸವಣ್ಣನವರಿಗೂ ಒಂದೇ ಸಾಲಿನಲ್ಲಿ ಕೂರುವ ಜಾಗವಿತ್ತು ಎಂದು ನಾವು ವೇದಿಕೆಯಿಂದ ಹೇಳುತ್ತೇವೆ. ಆದರೆ ನಮ್ಮ ಊರುಗಳಲ್ಲಿ ಕೊಟ್ಟಿಗೆಯ ಕೆಲಸ ಯಾರ ಪಾಲಿಗಿದೆ ನೋಡಿ. ಮನೆಯೊಳಗೆ ಹೆಂಗಸರ ಪಾಲಿಗೆ, ಮನೆಯ ಹೊರಗೆ ಒಂದು ಕೇರಿಯ ಪಾಲಿಗೆ. ಒಂದೇ ಕೈಗೆ ಜಾತಿಯ ಕಾರಣಕ್ಕೆ ಅಂಟಿಸಿದ, ಕೂಲಿಯೂ ಇಲ್ಲದ ದುಡಿಮೆಯನ್ನು ಶರಣರು ಹೇಳಿದ ಅರ್ಥದಲ್ಲಿ ಕಾಯಕವೆಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ. ಸೂಕ್ಷ್ಮಜೀವಿಗಳಿಂದ ಕರೆಂಟು ಎಂದಾಗ ನಮಗೆ ಇಷ್ಟು ಖುಷಿಯಾಗುವುದಕ್ಕೆ ಇದೂ ಒಂದು ಕಾರಣವಿರಬಹುದೆಂಬ ಗುಮಾನಿ ನನಗಿದೆ. ಕಣ್ಣಿಗೆ ಕಾಣದ ಜೀವಿಗಳು ಕೆಲಸ ಮಾಡುತ್ತವೆ, ನಮ್ಮ ಕೈ ಕೊಳೆಯಾಗುವುದಿಲ್ಲ ಎಂಬ ಆಸೆ. ಆ ಕೋಶಕ್ಕೂ ಪ್ರತಿದಿನ ನೀರು ತುಂಬಬೇಕು, ಹೂಳು ತೆಗೆಯಬೇಕು, ಮೇಲಿನ ಎಲೆಕ್ಟ್ರೋಡಿಗೆ ಹಿಡಿದ ಲೋಳೆ ಉಜ್ಜಬೇಕು. ವಿಡಿಯೋದಲ್ಲಿ ಆ ಭಾಗ ಇರಲಿಲ್ಲ.

ಈಗ ನಮ್ಮ ದಾಸೋಹದ ಕೊಟ್ಟಿಗೆಯ ಲೆಕ್ಕ. 10 ದನ ಇವೆ. ಒಂದಕ್ಕೆ ದಿನಕ್ಕೆ 10 ಕಿಲೋ ಸೆಗಣಿ ಎಂದು ಹಿಡಿಯೋಣ, ಸೀಮೆ ಆಕಳಿಗೆ ಹೆಚ್ಚೇ ಆದೀತು. 100 ಕಿಲೋ ಸೆಗಣಿಗೆ ಸರಿಸಮ ನೀರು ಕಲಸಿ ಹಾಕಿದರೆ ದಿನಕ್ಕೆ ಸುಮಾರು 4 ಘನ ಮೀಟರ್ ಗ್ಯಾಸ್. ಅದನ್ನು ಇಂಜಿನ್ನಿಗೆ ಹಾಕಿ ಕರೆಂಟು ಮಾಡಿದರೆ ಸುಮಾರು 6 ಯೂನಿಟ್. ಇದೇ 6 ಯೂನಿಟ್ಟನ್ನು ಲೋಗನ್ ಅವರ 2005ರ ಕೋಶದಿಂದ ಪಡೆಯಬೇಕಾದರೆ ಒಂಬತ್ತೂವರೆ ಗುಂಟೆ ಅಗಲದ ಎಲೆಕ್ಟ್ರೋಡ್ ಹಾಸಬೇಕು. ಗುಂಟೆಯ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ ನನ್ನನ್ನು ಕೇಳಿದರೆ ಆ ಗ್ಯಾಸಿನಲ್ಲಿ ಕರೆಂಟನ್ನೂ ಮಾಡಬಾರದು. ಇಂಜಿನ್ನಿನಲ್ಲಿ ಗ್ಯಾಸಿನ ಶಕ್ತಿಯ ಮುಕ್ಕಾಲು ಪಾಲು ಬಿಸಿಯಾಗಿ ಹೊಗೆಯಲ್ಲಿ ಹೋಗುತ್ತದೆ. ನೇರ ಒಲೆಗೆ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಪಾತ್ರೆಗೆ ತಲುಪುತ್ತದೆ. ಪುರದವರಿಗೆ ನೀರು ಬೇಕಿತ್ತು, ಅವರು ಇಂಜಿನ್ ಹಾಕಿದರು. ನಮ್ಮ ದಾಸೋಹದ ಮನೆಗೆ ಬೇಕಾಗಿರುವುದು ಅನ್ನ ಬೇಯಿಸುವ ಬೆಂಕಿ. 4 ಘನ ಮೀಟರ್ ಗ್ಯಾಸ್ ಅಂದರೆ ಸಿಲಿಂಡರಿನ ಗ್ಯಾಸ್ 1.7 ಕಿಲೋಗೆ ಸಮ. ಎಂಟೊಂಬತ್ತು ದಿನಕ್ಕೆ ಒಂದು ಮನೆ ಸಿಲಿಂಡರ್ ಉಳಿಯುತ್ತದೆ. ದೀಪಕ್ಕೆ ಬೇಕಾದರೆ ಮಾಳಿಗೆಯ ಮೇಲೆ ಸೌರಫಲಕ ಇಡೋಣ, ನಮ್ಮ ಸೀಮೆಯ ಬಿಸಿಲಿಗೆ ಬರವಿಲ್ಲ.

ತೊಟ್ಟಿ ಕಟ್ಟುವುದು ದೊಡ್ಡ ವಿದ್ಯೆಯಲ್ಲ. ನಮ್ಮ ದೇಶದಲ್ಲಿ 1897ರಲ್ಲೇ ಮುಂಬೈಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದ ಗ್ಯಾಸಿನಿಂದ ದೀಪ ಉರಿಸಿದ್ದರು. ತೇಲುವ ಡ್ರಮ್ಮಿನ ಸ್ಥಾವರವನ್ನು ಖಾದಿ ಆಯೋಗ ಹಳ್ಳಿಹಳ್ಳಿಗೆ ಒಯ್ದಿತು. 1984ರಿಂದ ದೀನಬಂಧು ಎಂಬ ಇಟ್ಟಿಗೆ ಗುಮ್ಮಟದ ಮಾದರಿ ಇದೆ, ಅದರಲ್ಲಿ ತುಕ್ಕು ಹಿಡಿಯುವ ಡ್ರಮ್ಮೇ ಇಲ್ಲ. ಬಲ್ಲ ಗೌಂಡಿ ಸಿಕ್ಕರೆ ಸಾಕು. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ತುಂಬಿದ ತೊಟ್ಟಿಯೊಳಗೆ ಯಾವ ಕಾರಣಕ್ಕೂ ಯಾರನ್ನೂ ಇಳಿಸಕೂಡದು. ಒಳಗಿನ ಗಾಳಿ ಎರಡು ಉಸಿರಿನಲ್ಲಿ ಕೊಲ್ಲುತ್ತದೆ, ಎತ್ತಲು ಇಳಿದವನನ್ನೂ ಕೊಲ್ಲುತ್ತದೆ.

ತೊಳೆದ ನೀರಿನ ವಿಷಯ ಇನ್ನೂ ಉಳಿದಿದೆ. ಈಗ ನಾವು ಮಾಡುವುದೇನು? ಪೈಪು ಹಿಡಿದು ಸೆಗಣಿ, ಗಂಜಲ, ಹುಲ್ಲು ಎಲ್ಲವನ್ನೂ ಗಟಾರಕ್ಕೆ ನೂಕುತ್ತೇವೆ. ಆ ತೆಳು ನೀರು ಗ್ಯಾಸ್ ತೊಟ್ಟಿಗೆ ಹೋದರೆ ತೊಟ್ಟಿ ಕೆಡುತ್ತದೆ, ಅದಕ್ಕೆ ಗಟ್ಟಿ ಕಲಸು ಬೇಕು. ಆದ್ದರಿಂದ ಮೊದಲು ಸಲಿಕೆಯಲ್ಲಿ ಸೆಗಣಿ ಎತ್ತಬೇಕು, ಆಮೇಲೆ ಬಕೆಟ್ಟಿನಲ್ಲಿ ಲೆಕ್ಕದ ನೀರು ಹಾಕಿ ತೊಳೆಯಬೇಕು. ಕೊಟ್ಟಿಗೆಯ ನೆಲಕ್ಕೆ ಒಂದು ಕಡೆ ಇಳಿಜಾರು, ಅದರ ಕೊನೆಗೆ ಗಂಜಲ ಹಿಡಿಯುವ ಸಣ್ಣ ಗುಂಡಿ, ಗುಂಡಿಗೆ ಮುಚ್ಚಳ. ಮುಚ್ಚದಿದ್ದರೆ ಸಾರಜನಕ ಹಾರಿಹೋಗುತ್ತದೆ, ಸೊಳ್ಳೆಯೂ ಸೇರುತ್ತದೆ. ತೊಳೆದ ತೆಳು ನೀರು ಎರಡು ಕೋಣೆಯ ತೊಟ್ಟಿಯಲ್ಲಿ ಹೂಳು ಇಳಿಸಿ ಹಿತ್ತಲ ಬಾಳೆಗೆ, ಮೇವಿನ ಹುಲ್ಲಿಗೆ ಹೋಗಲಿ. ಗ್ಯಾಸ್ ತೊಟ್ಟಿಯ ಬಗ್ಗಡ ಗದ್ದೆಗೆ ಹೋಗಲಿ. ಅದರಲ್ಲಿ ಸೆಗಣಿಯ ಸಾರಜನಕ ಹಾಗೇ ಉಳಿದಿರುತ್ತದೆ. ದನಗಳ ಡೈರಿ, ಗೋಶಾಲೆಗಳ ಕೊಳೆಯ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಯಾರೋ ಬಂದು ನೋಟಿಸು ಕೊಡುವ ತನಕ ಕಾಯುವುದು ಬೇಡ.

ಹುಡುಗನ ಇಂಧನ ಕೋಶವನ್ನು ನಾನು ತಳ್ಳಿಹಾಕುತ್ತಿಲ್ಲ. ಗ್ಯಾಸ್ ತೊಟ್ಟಿಗೆ ಬೇಡವಾದ ಆ ತೆಳು ನೀರಿದೆಯಲ್ಲ, ಮುಂದೊಂದು ದಿನ ಇದಕ್ಕೆ ಜಾಗ ಸಿಕ್ಕರೆ ಅಲ್ಲಿಯೇ. ಎಲೆಕ್ಟ್ರೋಡು ಅಗ್ಗವಾಗಬೇಕು, ವರ್ಷಗಟ್ಟಲೆ ಕೆಡದೆ ನಿಲ್ಲಬೇಕು. ಆ ಕೆಲಸ ಮಾಡುವವರು ನಿಮ್ಮ ಮಕ್ಕಳಲ್ಲಿ ಯಾಕಿರಬಾರದು? ಈ ಬಕೆಟ್ಟನ್ನು ನಾನು ಶಾಲೆಗೆ ಕೊಡುತ್ತೇನೆ. ಮೀಟರನ್ನೂ ಕೊಡುತ್ತೇನೆ. ಮಕ್ಕಳು ದಿನಾ ಅಳೆದು ಬರೆಯಲಿ. ಅದಕ್ಕೆ ಪಟ್ಟಿ ಎತ್ತುವ ಅಗತ್ಯವಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆಲ್ಲ ಗೊತ್ತು. ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದೆ ಸುರಿದು ಬರಲು ಹೇಳಿದ ತಾಯಿ ಆಕೆ. ಆಕೆಗೆ ಕೈಯಲ್ಲೇ ತೂಕ ಗೊತ್ತಾಗಿತ್ತು. ನಮಗೆ ಅಷ್ಟು ಕೈ ಪಳಗಿಲ್ಲ, ಆದ್ದರಿಂದ ತಕ್ಕಡಿ ತಂದಿದ್ದೇನೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ದಾಸೋಹದ ಕೊಟ್ಟಿಗೆಯಲ್ಲಿ ಸೆಗಣಿ ತೂಗುವುದು, ತೊಳೆಯಲು ಎಷ್ಟು ಬಕೆಟ್ ನೀರು ಹೋಗುತ್ತದೆಂದು ಎಣಿಸುವುದು. ಒಂದು ತಿಂಗಳು ಹೀಗೆ ಬರೆದಿಟ್ಟ ಮೇಲೆ ತೊಟ್ಟಿಯ ಅಳತೆ ನಿರ್ಧರಿಸೋಣ, ಪಟ್ಟಿಯ ಮಾತು ಆಮೇಲೆ. ಸಲಿಕೆ ಹಿಡಿಯಲು ಪಾಳಿ ಹಾಕಿದ್ದೇನೆ. ಎಲ್ಲ ಓಣಿಯ, ಎಲ್ಲ ಮನೆಯ ಗಂಡಸರ ಹೆಸರೂ ಅದರಲ್ಲಿದೆ. ದಿನಗೂಲಿ ಬಿಟ್ಟು ಬರುವವರಿಗೆ ಆ ಹೊತ್ತಿನ ಕೂಲಿ ದಾಸೋಹದಿಂದ ಕೊಡಲು ಪೂಜ್ಯರು ಒಪ್ಪಿದ್ದಾರೆ. ಮೊದಲ ವಾರದ ಪಾಳಿ ನನ್ನದು, ಹುಡುಗನದೂ ಸೇರಿ. ಅವನಿಗೆ ಇನ್ನೂ ಹೇಳಿಲ್ಲ, ಈಗ ಗೊತ್ತಾಯಿತು. (ಸಭೆಯಲ್ಲಿ ನಗು) ಪಾಳಿಯ ಹಾಳೆ ಬಾಗಿಲ ಪಕ್ಕದಲ್ಲಿದೆ, ಹೋಗುವಾಗ ನಿಮ್ಮ ದಿನ ನೋಡಿಕೊಳ್ಳಿ.